ಆಂಟೆನಾ ಹತ್ತಿದ ಎಕ್ಕ

ಪೆಟ್ಟಿಗೆಗೆ ಬೀಗ ಹಾಕಿದವಳು ಹೆಂಡತಿ. ಬೀಗವೇನೋ ಗಟ್ಟಿಯಾಗಿಯೇ ಇತ್ತು. ಆದರೆ ಪೆಟ್ಟಿಗೆಗೆ ಮುಂದೆ ಬೀಗವಿದ್ದಂತೆ ಹಿಂದೆ ಕೀಲೂ ಇರುತ್ತದೆ, ಕೀಲಿಗೆ ತಿರುಪುಗಳಿರುತ್ತವೆ. ತಿರುಪು ಬಿಚ್ಚುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಗಂಡಸನ್ನು ತಾನು ಕಟ್ಟಿಕೊಂಡಿದ್ದೇನೆ ಎಂಬುದು ಬೀಗ ಕೊಳ್ಳುವಾಗ ಅವಳಿಗೆ ಹೊಳೆದಿರಲಿಲ್ಲ.

ಗಂಡನದು ಕನ್ನಡಕದ ಅಂಗಡಿ. ಕಟ್ಟಡದ ಜನ ಅವನ ನಿಜವಾದ ಹೆಸರನ್ನು ಎಂದೋ ಮರೆತು ‘ಕನ್ನಡಕ’ ಎಂದೇ ಕರೆಯುತ್ತಿದ್ದರು. ಬೇರೆಯವರ ಕಣ್ಣು ಸರಿಮಾಡುವುದರಲ್ಲಿ ಅವನದು ಎತ್ತಿದ ಕೈ. ಇಸ್ಪೀಟಿನ ಎಲೆ ಕಂಡರೆ ಮಾತ್ರ ಅವನ ಕಣ್ಣಿಗೇ ಮಂಜು ಕವಿಯುತ್ತಿತ್ತು. ಹಿಂದೆ ಕ್ಷೌರದಂಗಡಿಯ ಹಿಂಬದಿಯಲ್ಲಿ ಕೂತು ಆಡಿ ಮೊದಲು ಛತ್ರಿ ಸೋತ. ಆಮೇಲೆ ರೇಡಿಯೋ ಸೋತ. ಒಂದು ಮಧ್ಯಾಹ್ನ ಮನೆಯ ಕುಕ್ಕರನ್ನೇ ಪಣಕ್ಕಿಟ್ಟು ಸೋತ. ಗೆದ್ದವನು ಅವಸರಕ್ಕೆ ಒಳಗಿದ್ದ ಅನ್ನದ ಸಮೇತ ಎತ್ತಿಕೊಂಡು ಹೋದ. ಅವತ್ತು ಹೆಂಡತಿ ಅತ್ತಿರಲಿಲ್ಲ, ಕಿರುಚಿರಲಿಲ್ಲ. ತಣ್ಣಗೆ ಹೇಳಿದ್ದಳು: “ನೋಡಿ, ಇನ್ನೊಂದು ಸಲ ನೀವು ಎಲೆ ಹಿಡಿದ್ರೆ ನಾನು ಜಗಳ ಆಡೋದಿಲ್ಲ. ಅಮ್ಮನ್ನ ಕರೆಸ್ತೀನಿ. ಬಂದ್ರೆ ವಾಪಸ್ ಹೋಗೋದಿಲ್ಲ ಅವರು.”

ಅತ್ತೆ ಎಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಆಕೆ ಹಿಂದೊಮ್ಮೆ ಒಂದೇ ವಾರ ಬಂದಿದ್ದಾಗ ಅವನು ಕೆಮ್ಮುವುದನ್ನೂ ತಿದ್ದಿ ಹೋಗಿದ್ದರು. ಹೆಂಡತಿ ಹಾಕಿಸಿದ ಆಣೆಗೆ ಒಪ್ಪಿ, ಕುಕ್ಕರು ಹೋದ ದಿನದಿಂದ ಅವನು ಎಲೆ ಮುಟ್ಟಿರಲಿಲ್ಲ.

ಹೀಗಿರುವಾಗ ಹಡಗಿನಲ್ಲಿ ಕೆಲಸ ಮಾಡುವ ಬಾಮೈದ ರಜೆಗೆ ಬಂದವನು ಟಿವಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ತಂದುಕೊಟ್ಟ. ಕಪ್ಪು ಡಬ್ಬಿ, ಮುಂದೆ ಮರದ ಬಣ್ಣದ ಪಟ್ಟಿ, ಆಡಲಿಕ್ಕೆ ಉದ್ದ ವೈರಿನ ಹಿಡಿಕೆ, ಹಿಡಿಕೆಗೊಂದು ಕೆಂಪು ಗುಂಡಿ. ಡಬ್ಬಿಯ ಬಾಯಿಗೆ ಒಂದು ಪ್ಲಾಸ್ಟಿಕ್ ತುಂಡು ತುರುಕಿದರೆ ವಿಮಾನದ ಆಟ, ಇನ್ನೊಂದು ತುರುಕಿದರೆ ಚೆಂಡಾಟ. ಮೂರನೆಯದು ಇಸ್ಪೀಟು! ದೊಡ್ಡ ದೊಡ್ಡ ಜೂಜುಕಟ್ಟೆಗಳಲ್ಲಿ ಆಡುವ ಇಪ್ಪತ್ತೊಂದರ ಆಟವನ್ನು ಯಾವನೋ ಪುಣ್ಯಾತ್ಮ ಅಂಗೈಯಗಲದ ಆ ತುಂಡಿನೊಳಗೆ ಮಡಚಿಟ್ಟಿದ್ದ. ಹೆಂಡತಿ ಆ ಇಸ್ಪೀಟಿನ ತುಂಡನ್ನು ನೋಡಿದ್ದೇ ತಡ, ತವರಿನಿಂದ ತಂದ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.

ಅಂಗಡಿಗೆ ವಾರದ ರಜೆ. ಮಧ್ಯಾಹ್ನ ಊಟ ಮುಗಿದ ಮೇಲೆ ಹೆಂಡತಿ ಬಟ್ಟೆಯ ಗಂಟು ಕಂಕುಳಿಗೇರಿಸಿ ಹೊರಟಳು. “ಕೆಳಗೆ ಹೊಲಿಗೆಯಕ್ಕನ ಮನೆಗೆ ಹೋಗಿ ಪರದೆ ಹೊಲಿಸ್ಕೊಂಡು ಬರ್ತೀನಿ. ನೀವೇನು ಮಾಡ್ತೀರಿ?”

“ನಾನಾ? ಮಲಗ್ತೀನಿ.”

“ಮಲಗಿ,” ಎಂದು ಅವಳು ಮೆಟ್ಟಿಲಿಳಿದಳು.

ಕನ್ನಡಕ ಕಿವಿಗೊಟ್ಟು ನಿಂತ. ಅವಳ ಚಪ್ಪಲಿಯ ಸದ್ದು ಕೆಳಗಿನ ಅಂತಸ್ತು ಮುಟ್ಟಿದ ಕೂಡಲೇ ಅಂಗಡಿಯ ಚೀಲದಿಂದ ಪುಟ್ಟ ತಿರುಪುಳಿ ಹೊರಗೆ ಬಂತು. ಇಸ್ಪೀಟೆಂದರೆ ಕಾಗದದ ಎಲೆ, ಇಲ್ಲಿ ಕಾಗದವೆಲ್ಲಿದೆ? ಎದುರಾಳಿಯೆಂದರೆ ಮನುಷ್ಯ, ಇಲ್ಲಿ ಮನುಷ್ಯನೆಲ್ಲಿದ್ದಾನೆ? ಪಣವೆಂದರೆ ಕುಕ್ಕರು, ಇಲ್ಲಿ ಪರದೆಯ ಮೇಲೆ ಬರುವ ಸುಳ್ಳು ಬಿಲ್ಲೆಗಳ ಲೆಕ್ಕ. ಇದನ್ನು ಇಸ್ಪೀಟೆನ್ನುವವನು ಶತಮೂರ್ಖ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತ ಅವನು ಕೀಲಿನ ತಿರುಪುಗಳನ್ನೆಲ್ಲ ಬಿಚ್ಚಿ, ಪೆಟ್ಟಿಗೆಯ ಮುಚ್ಚಳವನ್ನು ಹಿಂದಿನಿಂದ ಎತ್ತಿದ. ತುಂಡು ತಳದಲ್ಲಿತ್ತು. ಅದರ ಮೇಲಿದ್ದ ಮದುವೆಯ ಬಟ್ಟೆ, ಹಳೇ ಫೋಟೋ, ಉಣ್ಣೆಯ ಉಂಡೆಗಳೆಲ್ಲ ನೆಲದ ಮೇಲೆ ಹರಡಿಕೊಂಡವು. ಆಮೇಲೆ ಜೋಡಿಸಿದರಾಯಿತು ಎಂದುಕೊಂಡ.

ಟಿವಿಯ ಹಿಂದಿನ ಆಂಟೆನಾ ವೈರನ್ನು ಕಿತ್ತು, ಆ ಜಾಗಕ್ಕೆ ಯಂತ್ರದ ವೈರು ಸಿಕ್ಕಿಸಬೇಕು ಎಂದು ಬಾಮೈದ ಹೇಳಿಕೊಟ್ಟಿದ್ದ. ಕೀಳುತ್ತ ಕೂರುವಷ್ಟು ವ್ಯವಧಾನ ಯಾರಿಗಿದೆ? ಕನ್ನಡಕ ಎರಡೂ ವೈರುಗಳನ್ನು ಒಂದೇ ತಿರುಪಿಗೆ ಸುತ್ತಿ ಬಿಗಿದುಬಿಟ್ಟ. ಗುಂಡಿ ಒತ್ತಿದ. ಪರದೆ ಹಚ್ಚಹಸಿರಾಯಿತು. ಟಪ್ ಟಪ್ ಎಂದು ಎಲೆಗಳು ಬಿದ್ದವು. ಎಲೆಗಳೇನು, ಬಿಳಿ ಚೌಕದ ಮೇಲೆ ಇಟ್ಟಿಗೆ ಜೋಡಿಸಿದಂಥ ಅಂಕಿಗಳು. ರಾಜನಿಗೆ ಮೀಸೆಯಿಲ್ಲ, ರಾಣಿಗೆ ಮುಖವೇ ಇಲ್ಲ, ಕಳಾವರ ಯಾವುದು ಇಸ್ಪೀಟು ಯಾವುದು ತಿಳಿಯುವಂತಿಲ್ಲ. ಆದರೂ ಅವನ ಮೈ ಜುಮ್ಮೆಂದಿತು. ಎಷ್ಟು ಕಾಲವಾಗಿತ್ತು!

ಆಟ ಸುಲಭದ್ದು. ರಾಜ, ರಾಣಿಗೆ ಹತ್ತು ಹತ್ತು, ಎಕ್ಕಕ್ಕೆ ಒಂದು ಇಲ್ಲವೇ ಹನ್ನೊಂದು. ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಹತ್ತಿರವಾಗಬೇಕು, ದಾಟಬಾರದು. ಯಂತ್ರಕ್ಕಿಂತ ಹತ್ತಿರವಿದ್ದರೆ ಗೆಲುವು. ಬಿಲ್ಲೆ ಸೊನ್ನೆಯಾದರೆ ಆಡುವವನು ದಿವಾಳಿ, ಸಾವಿರವಾದರೆ ಯಂತ್ರವೇ ದಿವಾಳಿ, ಅಲ್ಲಿಗೆ ಆಟ ಮುಗಿಯಿತು.

ಮೊದಲ ಆಟದಲ್ಲೇ ಅವನಿಗೆ ಒಂಬತ್ತು ಮತ್ತು ಹತ್ತು ಬಿದ್ದವು. ಬುದ್ಧಿಯಿದ್ದವನು ಹತ್ತೊಂಬತ್ತಕ್ಕೆ ನಿಲ್ಲುತ್ತಾನೆ. ಕನ್ನಡಕ ಇನ್ನೊಂದು ಎಲೆ ಕೇಳಲು ಗುಂಡಿಯ ಮೇಲೆ ಬೆರಳಿಟ್ಟ.

“ಬೇಡಾ!” ಎಂದಿತು ಒಂದು ದನಿ.

ಅವನು ಬೆಚ್ಚಿಬಿದ್ದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆಣೆ ಮುರಿಯುವವನಿಗೆ ಅಂತರಾತ್ಮ ಹೀಗೆಯೇ ಕೂಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಅಂತರಾತ್ಮಕ್ಕೆ ಇಸ್ಪೀಟು ಏನು ಗೊತ್ತು ಎಂದುಕೊಂಡು ಗುಂಡಿ ಒತ್ತಿದ. ಎಂಟು ಬಿತ್ತು. ದಾಟಿಹೋಯಿತು.

“ಅಯ್ಯೋ, ಹಾಳು ಮಾಡ್ದ! ನಾನು ಹೇಳ್ಲಿಲ್ವಾ?” ಎಂದಿತು ದನಿ. ಅದರ ಹಿಂದೆಯೇ ಇನ್ನಷ್ಟು ದೂರದಿಂದ ಹೆಂಗಸರ ನಗು.

ಕನ್ನಡಕ ಕಕ್ಕಾಬಿಕ್ಕಿಯಾದ. ಅವನ ಅಂತರಾತ್ಮಕ್ಕೆ ಕೆಳಮನೆಯ ಸ್ಟೇಷನ್ ಮಾಸ್ತರರ ದನಿ ಬಂದದ್ದು ಯಾವಾಗ? ಅನುಮಾನಕ್ಕೆ ಇನ್ನೊಂದು ಆಟ ಆಡಿದ. ಈ ಸಲ ಹನ್ನೊಂದು ಬಂತು. “ತಗೋ, ತಗೋ, ಹೆದರ್ಬೇಡ!” ಎಂದು ಕೆಳಗಿನಿಂದ ಬಂತು. “ತಗೊಳ್ಳಲಿ, ತಗೊಳ್ಳಲಿ,” ಎಂದು ಮೇಲಿನಿಂದಲೂ ಬಂತು! ಮೇಲೆ ಇದ್ದವನು ಟಿವಿ ಮೆಕ್ಯಾನಿಕ್.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕನ್ನಡಕ ಬಾಗಿಲನ್ನು ಮೂಗು ಹೊರಗೆ ಹೋಗುವಷ್ಟೇ ತೆರೆದ.

ಏದುಸಿರು ಬಿಡುತ್ತ ನಿಂತಿದ್ದವರು ಸ್ಟೇಷನ್ ಮಾಸ್ತರರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರಿಗೆ ಕಾಯುವ ಚಟ ಹೋಗಿರಲಿಲ್ಲ. ಟಿವಿಯಲ್ಲಿ ಕಾರ್ಯಕ್ರಮ ಶುರುವಾಗುವುದು ಸಂಜೆಗೆ. ಮಾಸ್ತರರು ಮಧ್ಯಾಹ್ನವೇ ಸೆಟ್ಟು ಹಾಕಿ, ರೈಲು ಬರುವ ಹಳಿಯನ್ನು ನೋಡುವಂತೆ ಖಾಲಿ ಪರದೆಯನ್ನು ನೋಡುತ್ತ ಕೂರುತ್ತಿದ್ದರು. ಇವತ್ತು ಹಳಿಯ ಮೇಲೆ ರೈಲು ಬಂದೇಬಿಟ್ಟಿತ್ತು.

“ಕನ್ನಡಕದವ್ರೇ, ಟಿವಿ ಹಾಕಿ, ಟಿವಿ! ಹೊಸ ಕಾರ್ಯಕ್ರಮ! ಯಾವನೋ ಒಬ್ಬ ಇಸ್ಪೀಟಾಡ್ತಿದ್ದಾನೆ. ಮುಖ ತೋರಿಸ್ತಿಲ್ಲ, ಬರೀ ಎಲೆ. ಎಂಥ ದಡ್ಡ ಅಂತೀರಿ! ನೋಡ್ತಾ ಇದ್ರೆ ಕೈ ತುರಿಸುತ್ತೆ.”

“ನಿಮ್ಮ ಮನೇಲಿ... ಬರ್ತಿದೆಯಾ?”

“ನಮ್ಮನೇಲೊಂದೇ ಏನ್ರೀ, ಎಲ್ಲರ ಮನೇಲೂ! ಪರದೆ ಹಸಿರಾಗಿದ್ದೇ ತಡ ನಾನೇ ಎಲ್ಲರನ್ನೂ ಕೂಗಿ ಹಾಕಿಸ್ದೆ. ನಿಮ್ಮ ಮನೆಯವರು ಹೊಲಿಗೆಯಕ್ಕನ ಜೊತೆ ಕೂತು ಕಣ್ಣು ಮಿಟುಕಿಸದೆ ನೋಡ್ತಿದ್ದಾರೆ. ಅಯ್ಯೋ, ಮುಂದಿನ ಎಲೆ ಬಿದ್ದಿರುತ್ತೆ!” ಎಂದವರೇ ಮಾಸ್ತರರು ಬಂದಷ್ಟೇ ವೇಗದಲ್ಲಿ ಇಳಿದುಹೋದರು.

ಕನ್ನಡಕ ಟಿವಿಯ ಹಿಂಬದಿಗೆ ಓಡಿದ. ಎರಡೂ ವೈರುಗಳನ್ನು ಒಂದೇ ತಿರುಪಿಗೆ ಸುತ್ತಿದ್ದು ಈಗ ನೆನಪಾಯಿತು. ಆಂಟೆನಾ ವೈರು ಮೇಲಿನಿಂದ ಚಿತ್ರ ಇಳಿಸುವುದಷ್ಟೇ ಅಲ್ಲ, ಕೆಳಗಿನಿಂದ ಹತ್ತಿಸಲೂ ಬಲ್ಲದು. ತಾರಸಿಯಲ್ಲಿ ಬಟ್ಟೆ ಒಣಹಾಕಲು ಜಾಗ ಉಳಿಯಲೆಂದು ಕಟ್ಟಡದವರು ಎಲ್ಲರ ಆಂಟೆನಾಗಳನ್ನೂ ಒಂದೇ ಕಂಬಕ್ಕೆ ಕಟ್ಟಿದ್ದರು. ಅವನ ಎಲೆಗಳು ಅವನ ವೈರು ಹಿಡಿದು ಮೇಲೆ ಹತ್ತಿ, ಪಕ್ಕದವರ ಆಂಟೆನಾಕ್ಕೆ ಜಿಗಿದು, ಅವರವರ ಮನೆಗೆ ಇಳಿಯುತ್ತಿದ್ದವು. ಬೇಲಿ ಹಾರುವ ಬೆಕ್ಕಿಗೂ ಇಷ್ಟು ಸಲೀಸಿಲ್ಲ.

ಅವನು ಟಿವಿಯ ಹಿಂದೆ ಕೈಹಾಕಿ ವೈರನ್ನು ಸರಕ್ಕನೆ ಎಳೆದ.

ಇಡೀ ಕಟ್ಟಡ “ಹೋಯ್ತೂ!” ಎಂದು ನರಳಿತು. ಬಾಗಿಲುಗಳು ಧಡಧಡನೆ ತೆರೆದುಕೊಂಡವು. ಮೆಟ್ಟಿಲ ಮೇಲೆ ಮೆಕ್ಯಾನಿಕ್ಕನ ದನಿ ಮೊಳಗಿತು: “ಯಾರೂ ಗಾಬರಿ ಆಗ್ಬೇಡಿ! ಇದು ಸೆಟ್ಟಿನ ದೋಷ. ಒಂದೊಂದೇ ಮನೆಗೆ ಬಂದು ಹಿಂದಿನ ಮುಚ್ಚಳ ಬಿಚ್ಚಿ ನೋಡ್ತೀನಿ. ಮೊದಲು ಕನ್ನಡಕದವ್ರ ಮನೆ!” ಅದರ ಜೊತೆಗೇ ಕೆಳಗಿನಿಂದ ಹೆಂಡತಿಯ ದನಿ: “ಇರಿ ಅಕ್ಕ, ನಮ್ಮ ಸೆಟ್ಟಲ್ಲಿ ಬರುತ್ತಾ ನೋಡ್ಕೊಂಡು ಬರ್ತೀನಿ.”

ನೆಲದ ತುಂಬ ಅವಳ ಮದುವೆಯ ಬಟ್ಟೆ. ಮುಚ್ಚಳ ಕಳಚಿದ ಪೆಟ್ಟಿಗೆ. ತಿರುಪುಗಳು ಎಲ್ಲಿ ಉರುಳಿದವೋ! ಅವಳು ಬಾಗಿಲು ತೆರೆದರೆ ಕಥೆ ಮುಗಿಯಿತು. ಕಣ್ಣಮುಂದೆ ಅತ್ತೆ ಟ್ರಂಕು ಹಿಡಿದು ಬಂದು ನಿಂತಂತಾಯಿತು. ಕನ್ನಡಕ ವೈರನ್ನು ಮತ್ತೆ ಸಿಕ್ಕಿಸಿದ.

“ಬಂತು! ಬಂತು!” ಮೆಟ್ಟಿಲೇರುತ್ತಿದ್ದ ಚಪ್ಪಲಿಗಳು ಗಕ್ಕನೆ ತಿರುಗಿ ಕೆಳಗೋಡಿದವು. ಮೇಲಿನಿಂದ ಇಳಿಯುತ್ತಿದ್ದವು ಮೇಲಕ್ಕೋಡಿದವು.

ಸಂಕಟ ಈಗ ಸ್ಪಷ್ಟವಾಯಿತು. ಎಲೆ ಬೀಳುತ್ತಿರುವವರೆಗೆ ಹೆಂಡತಿ ಕೆಳಗೆ, ಮೆಕ್ಯಾನಿಕ್ ಮೇಲೆ, ಅವನು ಕ್ಷೇಮ. ಎಲೆ ನಿಂತರೆ ಇಬ್ಬರೂ ಇಲ್ಲಿ. ಅವನು ಎಡಗೈಯಲ್ಲಿ ಹಿಡಿಕೆ ಹಿಡಿದು, ಬಲಗೈಯಲ್ಲಿ ಬಟ್ಟೆ ಮಡಚತೊಡಗಿದ. ಒಂದು ಆಟ, ಒಂದು ಮಡಿಕೆ. ಒಂದು ಆಟ, ಒಂದು ಫೋಟೋ. ಉಣ್ಣೆಯ ಉಂಡೆಯೊಂದು ಮಂಚದಡಿಗೆ ಉರುಳಿದಾಗ ಹೊಟ್ಟೆಯ ಮೇಲೆ ತೆವಳಿ ಹೋದ. ಅಷ್ಟು ಹೊತ್ತು ಎಲೆ ನಿಂತದ್ದಕ್ಕೆ ಮಾಸ್ತರರು ಕೆಳಗಿನಿಂದ, “ಏನಪ್ಪಾ, ನಿದ್ದೆ ಹೋದ್ಯಾ?” ಎಂದು ಟಿವಿಯನ್ನು ಗದರಿಸಿದರು.

“ಬಂದೆ, ಬಂದೆ,” ಎಂದು ಕನ್ನಡಕ ಮಂಚದಡಿಯಿಂದಲೇ ಪಿಸುಗುಟ್ಟಿದ.

ಕೊನೆಗೆ ಬಟ್ಟೆ ಒಳಗೆ ಹೋಯಿತು, ತಿರುಪುಗಳು ಸಿಕ್ಕಿದವು, ಒಂದು ಕೀಲು ಕೂತಿತು. ಇನ್ನೊಂದು ಕೂರಿಸುವ ಮೊದಲು ಆ ಪ್ಲಾಸ್ಟಿಕ್ ತುಂಡು ಪೆಟ್ಟಿಗೆಗೆ ಬೀಳಬೇಕು. ತುಂಡು ಯಂತ್ರದ ಬಾಯಲ್ಲಿದೆ. ಕಿತ್ತರೆ ಆಟ ನಿಲ್ಲುತ್ತದೆ, ಜನ ಮೆಟ್ಟಿಲು ಹತ್ತುತ್ತಾರೆ. ಏನು ಮಾಡುವುದು?

ತಲೆ ಓಡಿತು. ಅರ್ಧಕ್ಕೆ ನಿಂತರೆ ತಾನೇ ಜನ ಹುಡುಕಿಕೊಂಡು ಬರುವುದು? ಆಟ ಸರಿಯಾಗಿ ಮುಗಿದರೆ ಯಾರೂ ಏಳುವುದಿಲ್ಲ. ಯಾವ ಪಂದ್ಯ ಮುಗಿದರೂ ಅವನು ಹಾಗೆ ಆಡಬೇಕಿತ್ತು, ಹೀಗೆ ಆಡಬೇಕಿತ್ತು ಎಂದು ಹರಟದೆ ಎದ್ದವರನ್ನು ಅವನು ಕಂಡಿರಲಿಲ್ಲ. ಆ ಹರಟೆಯ ಹೊತ್ತಿನಲ್ಲಿ ಒಂದಲ್ಲ, ಹತ್ತು ಕೀಲು ಕೂರಿಸಬಹುದು. ಹಾಗಾದರೆ ಇರುವ ಬಿಲ್ಲೆಗಳನ್ನೆಲ್ಲ ಬೇಗ ಬೇಗ ಸೋತು ದಿವಾಳಿಯಾಗಬೇಕು. ಸೋಲುವುದು! ಅವನಿಗೆ ನಗು ಬಂತು. ಪ್ರಪಂಚದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ.

ಇಡಬಹುದಾದಷ್ಟೂ ಬಿಲ್ಲೆ ಇಟ್ಟ. ರಾಜ, ರಾಣಿ ಬಿದ್ದರು. ಇಪ್ಪತ್ತು. ಇನ್ನೊಂದು ಎಲೆ ಕೇಳಿದರೆ ಸೋಲು ಗ್ಯಾರಂಟಿ. ಕೇಳಿದ.

“ಹುಚ್ಚ!” ಎಂದು ಮೂರು ಅಂತಸ್ತುಗಳೂ ಒಂದೇ ದನಿಯಲ್ಲಿ ಕೂಗಿದವು.

ಎಕ್ಕ ಬಿತ್ತು. ಇಪ್ಪತ್ತೊಂದು.

ಕಟ್ಟಡದಲ್ಲಿ ಎದ್ದ ಕೇಕೆಗೆ ಕಿಟಕಿಯ ಗಾಜು ಅದುರಿತು. ಮೇಲೆ ಮೆಕ್ಯಾನಿಕ್ ಕುಣಿಯುತ್ತಿದ್ದುದಕ್ಕೆ ಸೂರಿನ ಸುಣ್ಣ ಉದುರಿ ಕನ್ನಡಕನ ತಲೆಯ ಮೇಲೆ ಬಿತ್ತು.

ಇರಲಿ, ಒಂದು ಸಲ ತಪ್ಪಿತು ಎಂದುಕೊಂಡು ಮತ್ತೆ ಅಷ್ಟನ್ನೂ ಇಟ್ಟ. ಐದು, ಏಳು ಬಿತ್ತು. ಹನ್ನೆರಡಕ್ಕೇ ನಿಂತುಬಿಟ್ಟ, ಇಷ್ಟು ಕಡಿಮೆ ಮೊತ್ತಕ್ಕೆ ಯಂತ್ರ ಹೇಗೆ ಸೋಲುತ್ತದೆ ನೋಡೋಣ. ಯಂತ್ರ ಎಲೆಯ ಮೇಲೆ ಎಲೆ ತೆಗೆದು ಇಪ್ಪತ್ತೊಂದು ದಾಟಿ ಮುಗ್ಗರಿಸಿತು. “ಎಂಥ ತಾಳ್ಮೆ! ಎಂಥ ಲೆಕ್ಕಾಚಾರ!” ಎಂದರು ಮಾಸ್ತರರು. ಮುಂದಿನ ಸಲ ತಪ್ಪು ಮಾಡಲು ಅವಕಾಶವನ್ನೂ ಕೊಡದೆ ಮೊದಲೆರಡು ಎಲೆಗಳಲ್ಲೇ ಇಪ್ಪತ್ತೊಂದು ಬಂತು.

ಕುಕ್ಕರು ಪಣಕ್ಕಿಟ್ಟ ದಿನ ಎಲ್ಲಿ ಸತ್ತಿತ್ತು ಈ ಅದೃಷ್ಟ! ಕನ್ನಡಕ ಹಲ್ಲು ಕಚ್ಚಿದ. ಸೋಲಲು ತನಗೆ ಗೊತ್ತಿದ್ದ ದಾರಿಗಳನ್ನೆಲ್ಲ ಹಿಡಿದ. ಹಿಡಿದ ದಾರಿಯೆಲ್ಲ ಗೆಲುವಿಗೇ ಹೋಗಿ ಮುಟ್ಟಿತು. ಬಿಲ್ಲೆಗಳ ಲೆಕ್ಕ ಏರುತ್ತ ಏರುತ್ತ ಸಾವಿರದ ಹತ್ತಿರ ಬಂತು. ವಿಚಿತ್ರವೆಂದರೆ ಅಷ್ಟರಲ್ಲಿ ಅವನಿಗೂ ಎಲ್ಲಿಂದಲೋ ಹುರುಪು ಬಂದುಬಿಟ್ಟಿತ್ತು. ಸೋಲಬೇಕೆಂದು ಬುದ್ಧಿ ಹೇಳುತ್ತಿತ್ತು. ಎದೆ ಮಾತ್ರ ನಗಾರಿಯಂತೆ ಹೊಡೆದುಕೊಳ್ಳುತ್ತ, ಬರಲಿ, ಬರಲಿ ಎನ್ನುತ್ತಿತ್ತು.

ಕೊನೆಯ ಆಟ. ಕಣ್ಣು ಮುಚ್ಚಿ ಗುಂಡಿಯನ್ನು ಒತ್ತುತ್ತಲೇ ಹೋದ. ಅದೃಷ್ಟವಾದರೂ ಎಷ್ಟೆಂದು ತಡೆದೀತು? ನಾಲ್ಕು, ಮೂರು, ಎರಡು. “ಇನ್ನೊಂದು!” ಎಂದಿತು ಕಟ್ಟಡ. ಐದು. “ಇನ್ನೊಂದು!” ಮೂರು. “ಸಾಕು, ಸಾಕು, ನಿಲ್ಲಪ್ಪಾ!” ಅವನು ಮತ್ತೂ ಒತ್ತಿದ. ನಾಲ್ಕು.

ಕನ್ನಡಕ ಒಂದು ಕಣ್ಣು ತೆರೆದ. ಇಪ್ಪತ್ತೊಂದು. ಯಂತ್ರ ದಿವಾಳಿಯೆದ್ದಿತ್ತು. ಪರದೆ ಕೆಂಪು, ಹಳದಿ, ನೀಲಿ ಬಣ್ಣ ಬದಲಾಯಿಸುತ್ತ ಮಿನುಗುತ್ತಿತ್ತು.

ಕೇಕೆ, ಸಿಳ್ಳೆ, ತಟ್ಟೆ ಬಡಿತ! ಯಾರೋ ಮೆಟ್ಟಿಲ ಮೇಲೆ ಯಾರನ್ನೋ ಅಪ್ಪಿಕೊಂಡು ಅಳುತ್ತಿದ್ದರು. ಕನ್ನಡಕನ ಕಣ್ಣಲ್ಲೂ ನೀರು. ಜೀವಮಾನದಲ್ಲಿ ಮೊದಲ ಸಲ ಗೆದ್ದಿದ್ದ. ಓಡಿಹೋಗಿ “ನಾನು ಕಣ್ರೋ, ಅದು ನಾನು!” ಎಂದು ಕೂಗಬೇಕೆನ್ನಿಸಿತು. ಅದನ್ನು ನುಂಗಿಕೊಂಡು ತುಂಡು ಕಿತ್ತು ಪೆಟ್ಟಿಗೆಗೆ ಹಾಕಿದ. ಲೆಕ್ಕ ತಪ್ಪಲಿಲ್ಲ, ಜನ ಹರಟೆಗೆ ನಿಂತರು. ಕೀಲು ಕೂತಿತು, ತಿರುಪು ಬಿಗಿಯಿತು, ಯಂತ್ರ ಕಪಾಟು ಸೇರಿತು. ಹೆಂಡತಿ ಬಾಗಿಲು ತೆರೆದಾಗ ಅವನು ಮಂಚದ ಮೇಲೆ ಆಕಳಿಸುತ್ತ ಕೂತಿದ್ದ.

ಅವಳು ಧೊಪ್ಪನೆ ಕುರ್ಚಿಯಲ್ಲಿ ಕೂತಳು. ಮುಖ ಬಾಡಿತ್ತು.

“ಈಗ ಎದ್ದೆ. ಏನು ಗಲಾಟೆ ಕೆಳಗೆ?” ಎಂದ ಕನ್ನಡಕ.

“ಟಿವೀಲಿ ಯಾವನೋ ಇಸ್ಪೀಟಾಡ್ತಿದ್ದ.”

“ಓಹೋ.” ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವನ ಬಾಯಿ ಸುಮ್ಮನಿರುತ್ತದೆಯೇ? “ಗೆದ್ನಾ?”

“ಗೆದ್ದ. ಹಾಳಾದವನು ಗೆದ್ದ! ನಾನು ಹೊಲಿಗೆಯಕ್ಕನ ಹತ್ರ ಪಂದ್ಯ ಕಟ್ಟಿದ್ದೆ ರೀ, ಇವನು ಸೋತೇ ಸೋಲ್ತಾನೆ ಅಂತ.”

ಕನ್ನಡಕ ಎದ್ದು ನಿಂತ. ಇಂಥ ಅವಕಾಶ ಅವನಿಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಕ್ಕುವಂತೆಯೂ ಇರಲಿಲ್ಲ. “ಪಂದ್ಯಾನಾ? ನೀನಾ? ಇಸ್ಪೀಟಿನ ಮೇಲೆ? ನನ್ನ ಕೈಲಿ ಆಣೆ ಹಾಕಿಸಿದವಳು ನೀನೇ ಹೀಗೆ ಮಾಡಿದ್ರೆ ಹೇಗೆ ಕಣೇ? ಅಲ್ಲ, ಆಡೋನು ಯಾರು, ಎಂಥವನು ಅಂತ ಗೊತ್ತಿಲ್ದೆ ಅಷ್ಟು ಧೈರ್ಯ ಎಲ್ಲಿಂದ ಬಂತು ನಿಂಗೆ?”

ಹೆಂಡತಿ ಅವನ ತಲೆಯ ಮೇಲಿನ ಸುಣ್ಣವನ್ನು ನಿಧಾನವಾಗಿ ನೋಡಿದಳು.

“ಹತ್ತೊಂಬತ್ತು ಕೈಲಿಟ್ಕೊಂಡು ಇನ್ನೊಂದು ಎಲೆ ಕೇಳೋ ಪ್ರಾಣಿ ಪ್ರಪಂಚದಲ್ಲಿ ಎಷ್ಟಿರುತ್ತೆ ರೀ? ನನಗೆ ಗೊತ್ತಿರೋದು ಒಂದೇ. ಅದಕ್ಕೇ ಕಟ್ಟಿದ್ದು. ಇಷ್ಟು ವರ್ಷದಲ್ಲಿ ಒಂದು ಸಲ ಗೆದ್ದಿದ್ರೆ ಕಟ್ತಿದ್ನಾ? ಇವತ್ತೇ ಗೆಲ್ಲಬೇಕಿತ್ತಾ ನೀವು?”

ಕನ್ನಡಕ ಇಂಗು ತಿಂದ ಮಂಗನಂತೆ ಮತ್ತೆ ಮಂಚದ ಮೇಲೆ ಕೂತ. ತಲೆಯ ಸುಣ್ಣ ಕೊಡವಿಕೊಂಡು ಕೇಳಿದ: “ಪಂದ್ಯಕ್ಕೆ ಏನಿಟ್ಟಿದ್ದೆ?”

“ಸೋತವರ ಮನೆಯವರು ಒಂದು ವರ್ಷ ಕಟ್ಟಡದ ಮೆಟ್ಟಿಲು ತೊಳೀಬೇಕು. ನಮ್ಮ ಮನೆಯಿಂದ ನಿಮ್ಮ ಹೆಸರು ಹೇಳಿದ್ದೀನಿ.”

“ತೊಳೀತೀನಿ,” ಎಂದ ಕನ್ನಡಕ. “ದಿನಾ ತೊಳೀತೀನಿ. ಆಯ್ತಲ್ಲ, ನೀನೂ ಆಡ್ದೆ, ನಾನೂ ಆಡ್ದೆ, ಸರಿಗೆ ಸರಿ. ಇನ್ನು ನಿಮ್ಮಮ್ಮನ್ನ ಕರೆಸೋ ಮಾತು ಬೇಡ ಅಲ್ವಾ?”

“ಮೊದಲನೇ ಆಟ ನೋಡಿದ ಕೂಡ್ಲೇ ಹೊಲಿಗೆಯಕ್ಕನ ಮನೆಯಿಂದ ಫೋನ್ ಮಾಡ್ಬಿಟ್ಟೆ ರೀ. ಬಸ್ ಹತ್ತಿದ್ದಾರೆ.” ಅವಳು ಎದ್ದು ಬಚ್ಚಲಿನಿಂದ ಬಕೆಟ್ಟು, ಪೊರಕೆ ತಂದು ಅವನ ಮುಂದಿಟ್ಟಳು. “ಅಮ್ಮನಿಗೆ ಮೆಟ್ಟಿಲು ಗಲೀಜಿದ್ರೆ ಆಗೋದಿಲ್ಲ.”

ಸಂಜೆಯ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಕನ್ನಡಕ ಪ್ಯಾಂಟು ಮಡಚಿ, ಬಗ್ಗಿ ಉಜ್ಜುತ್ತಿದ್ದ. ಸ್ಟೇಷನ್ ಮಾಸ್ತರರು ತಿರುಗಾಟಕ್ಕೆ ಹೊರಟವರು ಅವನ ಪಕ್ಕ ನಿಂತರು. ಅವರ ಮುಖದಲ್ಲಿ ಮಧ್ಯಾಹ್ನದ ಕಳೆ ಇನ್ನೂ ಆರಿರಲಿಲ್ಲ.

“ನಾನು ಬಂದು ಹೇಳಿದ್ರೂ ನೀವು ಮಲಗಿ ಹಾಳಾದ್ರಿ ಕನ್ನಡಕದವ್ರೇ. ಏನು ಆಟ, ಏನು ಆಟ! ಇಪ್ಪತ್ತು ಇಟ್ಕೊಂಡು ಎಕ್ಕ ಎಳೀತಾನೆ ಅಂದ್ರೆ ಎಂಥ ಗುಂಡಿಗೆ ಇರಬೇಕು ಆ ಮಹಾನುಭಾವನಿಗೆ! ನಾನು ಮೊದಲು ದಡ್ಡ ಅಂದಿದ್ದು ನನ್ನ ತಪ್ಪು. ಅಂಥವನ ಕಾಲಿಗೆ ಬಿದ್ದುಬಿಡೋಣ ಅನ್ನಿಸ್ತು. ಎಲ್ಲೋ ದೊಡ್ಡ ಅರಮನೆಯಲ್ಲಿ ಕೂತು ಆಡ್ತಿದ್ದಿರಬೇಕು ಪುಣ್ಯಾತ್ಮ.”

ಕನ್ನಡಕ ತಲೆಯೆತ್ತಿದ. ಹೇಳಿಬಿಡಲೇ ಎಂದು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯಲ್ಲಿ ಟ್ರಂಕಿನ ಸದ್ದಾಯಿತು, ಅದರ ಹಿಂದೆಯೇ ಅವನಿಗೆ ಚಿರಪರಿಚಿತವಾದ ಒಂದು ಕೆಮ್ಮು.

“ಸ್ವಲ್ಪ ಬಕೆಟ್ ಸರಿಸಿ,” ಎಂದು ಮಾಸ್ತರರು ಪಂಚೆ ಎತ್ತಿ ಅವನನ್ನು ದಾಟಿದರು. ದಾಟಿ, ಹಿಂದಿರುಗಿ ನೋಡಿ ಹೇಳಿದರು: “ಅಲ್ಲಿ, ಮೇಲ್ಗಡೆ ಒಂದು ಮೆಟ್ಟಿಲು ಬಿಟ್ಟಿದ್ದೀರಿ ನೋಡಿ.”